ಬಾಯಿಪಾಠ

"ಸ್ವಲ್ಪ ಜೋರಾಗಿ ಹೇಳು ತಾಯಿ, ಕೇಳಿಸ್ತಿಲ್ಲ," ಎಂದು ಮೂರನೇ ಮಹಡಿಯ ಅಜ್ಜಿ ಅರ್ಧ ತೆರೆದ ಬಾಗಿಲಿನಿಂದ ಕಿವಿಯನ್ನು ಮುಂದೆ ಮಾಡಿದರು.

ಅವಳು ಮತ್ತೆ ಪ್ರಯತ್ನಿಸಿದಳು. ಹೊರಬಂದದ್ದು ಬರೀ ಉಸಿರು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವಳು ಕೆಲಸಕ್ಕೆ ಬಂದದ್ದು ಅಂದೇ. ಕಸ ಬೇರೆ ಮಾಡುವುದನ್ನೂ ಹಳೆಯ ಸಾಮಾನನ್ನು ಮತ್ತೆ ಬಳಸುವುದನ್ನೂ ಮನೆಮನೆಗೆ ಹೋಗಿ ಹೇಳಿಕೊಡುವುದು ಅವಳ ಕೆಲಸ. 'ಬಾಯಿದ್ದವಳು ಬರದಲ್ಲೂ ಬದುಕ್ತಾಳೆ' ಎಂದು ಅತ್ತೆ ತಮಾಷೆ ಮಾಡುತ್ತಿದ್ದರು. ಈಗ ಆ ಬಾಯಿಯೇ ಕೈಕೊಟ್ಟಿತ್ತು. "ಒಂದು ವಾರ ನೋಡೋಣಮ್ಮ. ಆಗದಿದ್ರೆ ಬೇರೆಯವರನ್ನ ಕಳಿಸ್ಬೇಕಾಗತ್ತೆ," ಎಂದು ಮೇಲ್ವಿಚಾರಕ ಬೆಳಿಗ್ಗೆ ಸಂಕೋಚದಿಂದಲೇ ಹೇಳಿದ್ದ.

ಮೊದಲೆಲ್ಲ ಇದೇ ಅಜ್ಜಿ, "ನನ್ನ ಮನೆ ಕಸಕ್ಕೆ ನಿಂದೇನೇ ಪುರಾಣ?" ಎಂದು ಮುಖದ ಮೇಲೆ ಬಾಗಿಲು ಹಾಕುತ್ತಿದ್ದರು. ಅವಳು ಮುಚ್ಚಿದ ಬಾಗಿಲಿಗೇ ಎಲ್ಲವನ್ನೂ ಹೇಳಿ ಮುಗಿಸಿ ಮುಂದಿನ ಮನೆಗೆ ಹೋಗುತ್ತಿದ್ದಳು.

ಈಗ ಅವಳು ಕತ್ತಿನ ವಸ್ತ್ರ ಸರಿಸಿ ಗಾಯದ ಗೆರೆ ತೋರಿಸಿದಳು. ಅಜ್ಜಿ ಕನ್ನಡಕ ಏರಿಸಿ ನೋಡಿದರು. ಅವಳ ಕೈ ಹಿಡಿದು ಒಳಗೆ ಕರೆದೊಯ್ದು ಬಿಸಿನೀರು ಕೊಟ್ಟರು. ಅಡುಗೆಮನೆಯ ಮೂಲೆಯಲ್ಲಿ ಎರಡು ಬುಟ್ಟಿಗಳಿದ್ದವು. ಒಂದರಲ್ಲಿ ತರಕಾರಿ ಸಿಪ್ಪೆ, ಇನ್ನೊಂದರಲ್ಲಿ ತೊಳೆದು ಒಣಗಿಸಿದ ಹಾಲಿನ ಕವರು. ಹಿಡಿ ಮುರಿದ ಪಾತ್ರೆಯೊಂದರಲ್ಲಿ ಪುದೀನ ಚಿಗುರಿತ್ತು.

"ಏನು ಹಾಗೆ ನೋಡ್ತೀಯ? ನೀನು ಬರೋದು ನಿಲ್ಲಿಸಿದ ಮೇಲೆ ಶುರು ಮಾಡಿದ್ದು. ಬೈಯೋಕೆ ಯಾರೂ ಇಲ್ದೆ ಬೇಜಾರಾಗಿತ್ತು."

ಅವಳು ನಕ್ಕಳು. ಅಜ್ಜಿ ಚಪ್ಪಲಿ ಮೆಟ್ಟಿ, ಎದುರು ಮನೆಯ ಗಂಟೆ ಒತ್ತಿದರು. ಲುಂಗಿ ಸರಿಪಡಿಸಿಕೊಳ್ಳುತ್ತ ಮನೆಯಾತ ಹೊರಬಂದ.

"ಹಸಿ ಕಸ ಒಂದು ಕಡೆ, ಒಣ ಕಸ ಒಂದು ಕಡೆ. ಡಬ್ಬಿ ತೊಳೆದು ಹಾಕಿ. ಬಿಸಾಡೋ ಮುಂಚೆ ಒಂದ್ಸಲ ಯೋಚಿಸಿ, ಇದು ಇನ್ಯಾರಿಗಾದ್ರೂ ಬೇಕಾಗತ್ತಾ ಅಂತ."

ಅಕ್ಷರಕ್ಕೆ ಅಕ್ಷರ ಅವಳದೇ ಮಾತು. ಅವಳು ಉಸಿರೆಳೆದುಕೊಳ್ಳಲು ನಿಲ್ಲುತ್ತಿದ್ದ ಕಡೆಯಲ್ಲೇ ಅಜ್ಜಿಯೂ ನಿಂತರು. ಮನೆಯಾತ ತಬ್ಬಿಬ್ಬಾಗಿ, "ಆಯ್ತಜ್ಜಿ, ಆಯ್ತು," ಎಂದ.

"ಬಾಗಿಲು ಮುಚ್ಚಿದ್ರೇನು, ನಿನ್ನ ಆಗಿನ ಗಂಟಲಿಗೆ ಕಿವುಡರೂ ಎದ್ದು ಕೂರ್ತಿದ್ರು," ಎಂದು ಅಜ್ಜಿ ಅವಳ ಕಡೆ ತಿರುಗಿದರು.

ಅವಳು ಏನೋ ಹೇಳಲು ಬಾಯಿ ತೆರೆದಳು. ಕಣ್ಣು ತುಂಬಿತು.

"ಸುಮ್ನಿರು, ಗಂಟಲು ಉಳಿಸ್ಕೋ. ವಾಸಿಯಾಗೋವರೆಗೂ ನಾನೇ ಬರ್ತೀನಿ."

ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಅವಳ ಹೆಗಲ ಮೇಲೆ ಇಟ್ಟು ಅಜ್ಜಿ ಮೆಟ್ಟಿಲಿಳಿದರು. ಆ ದೊಡ್ಡ ದನಿ ಆಗಲೇ ಕೆಳಗಿನವರೆಗೂ ಮುಟ್ಟಿತ್ತು. ಗಂಟೆ ಒತ್ತುವ ಮೊದಲೇ ಎರಡನೇ ಮಹಡಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು.