ಕೇಕಿನ ಬಣ್ಣ

ಇಲೊಯ್ಲೊ ನಗರದ ಮಾರುಕಟ್ಟೆ ಬೀದಿಯಲ್ಲಿ, ಎಲ್ಲರೂ ತಿಯಾ, ಅಂದರೆ ಅತ್ತೆ, ಎಂದು ಕರೆಯುವ ಮೆದಿಂಗಳ ನೂಡಲ್ಸ್ ಸೂಪಿನ ಹೋಟೆಲಿದೆ. ಆ ಶುಕ್ರವಾರ ಅಲ್ಲಿ ಅತ್ಯಂತ ಗಹನವಾದ ಪ್ರಶ್ನೆಯೊಂದು ಇತ್ಯರ್ಥವಾಗಬೇಕಿತ್ತು: ಭಾನುವಾರ ಚರ್ಚಿನಲ್ಲಿ ಮಗುವಿಗೆ ಆಗಲಿರುವ ಜ್ಞಾನಸ್ನಾನದ ಕೇಕು ಹಳದಿಯೋ, ನೀಲಿಯೋ? ಮಗು ಅಲ್ಲಿ ಬಡಿಸುವ ಹುಡುಗಿ ಜೆಲಿನಳದು, ಕೇಕು ಒಡತಿ ತಿಯಾಳದು.

ಜೆಲಿನಳ ಚಿಂತೆಯೇ ಬೇರೆ. ನದಿಯಾಚೆಯ ಬೇಕರಿಯವರು ಅವಳನ್ನು ಹಿಟ್ಟು ನಾದುವ ಕೆಲಸಕ್ಕೆ ಕರೆದಿದ್ದರು. ಸೋಮವಾರ ಬರಬೇಕು, ಇಲ್ಲದಿದ್ದರೆ ಬೇರೆಯವರಿದ್ದಾರೆ. ಚಿಕ್ಕಂದಿನಿಂದ ಅವಳಿಗೆ ಹಿಟ್ಟೆಂದರೆ ಜೀವ. ಗಿರಾಕಿಗಳ ಮುಂದೆ ನಗುವುದು ಮಾತ್ರ ಎರಡು ವರ್ಷವಾದರೂ ಕೈಹತ್ತಲಿಲ್ಲ. ಸೂಪಿಗೆ ನಿಂಬೆಹಣ್ಣು ಬೇಡ, ಇವಳ ಮುಖ ಸಾಕು ಎಂದು ಖಾಯಂ ಗಿರಾಕಿಗಳು ಆಡಿಕೊಳ್ಳುತ್ತಿದ್ದರು.

ಎದುರಿನ ಕೋಳಿ ಅಂಗಡಿಯಲ್ಲಿ ಹುಡುಗರು ಮೂರು ತಿಂಗಳೂ ನಿಲ್ಲುವುದಿಲ್ಲ. ‘ಕೆಲಸಕ್ಕೆ ಜನ ಬೇಕು’ ಎಂಬ ಬೋರ್ಡು ಅಲ್ಲಿನ ಮೆನುವಿಗಿಂತ ಹಳೆಯದು. ತಿಯಾ ಮೆದಿಂಗಳನ್ನು ಬಿಟ್ಟುಹೋದವರೇ ಇಲ್ಲ. ಅಡುಗೆಯವನ ಮಕ್ಕಳಿಗೂ ಪಾತ್ರೆ ತೊಳೆಯುವವಳ ಮಗಳಿಗೂ ಅವಳೇ ಜ್ಞಾನತಾಯಿ, ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊತ್ತ ಎರಡನೇ ತಾಯಿ. ನಮ್ಮ ಮಗುವನ್ನು ದೇವರೆದುರು ಎತ್ತಿಕೊಂಡವಳಿಗೆ ‘ನಾಳೆಯಿಂದ ಬರುವುದಿಲ್ಲ’ ಎನ್ನುವ ನಾಲಿಗೆ ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ.

ಇದನ್ನು ಬಲ್ಲ ಜೆಲಿನ್ ಜಾಣತನದಿಂದ ಪಕ್ಕದ ಮನೆಯ ಟೈಲರ್ ಹೆಂಗಸನ್ನು ಜ್ಞಾನತಾಯಿಯಾಗಲು ಒಪ್ಪಿಸಿದ್ದಳು. ಆದರೆ ಒಬ್ಬಳೇ ಇರಬೇಕೆಂದು ಯಾರು ಹೇಳಿದರು? ಬುಧವಾರ ತಿಯಾ ತಾನಾಗಿಯೇ ಚರ್ಚಿಗೆ ಹೋಗಿ, ಪಾದ್ರಿಗೆ ತನ್ನ ಹೆಸರನ್ನೂ ಕೊಟ್ಟು ಬಂದಳು.

“ಭಾನುವಾರದೊಳಗೆ ಹೇಳ್ಬಿಡು,” ಎಂದ ಅಡುಗೆಯ ನೊಂಗ್ ಇಸ್ಕೊ, ಮೂಳೆ ಕುದಿಯುವ ಹಂಡೆಯ ಹಿಂದಿನಿಂದ. “ನಾನೂ ಹಡಗಿನ ಕೆಲಸಕ್ಕೆ ಹೋಗ್ತೀನಿ ಅಂತ ಹೇಳೋಕೇ ಹೋಗಿದ್ದೆ. ಈಗ ನೋಡು, ಎರಡನೇ ಮಗೂಗೂ ಅವ್ರೇ.”

ಶುಕ್ರವಾರ ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಜೆಲಿನ್ ಏಪ್ರನ್ ಬಿಚ್ಚಿ, ಮಡಚಿ ಹಿಡಿದುಕೊಂಡು ಗಲ್ಲಾದ ಮುಂದೆ ನಿಂತಳು.

“ತಿಯಾ, ಒಂದು ಮಾತು ಹೇಳ್ಬೇಕಿತ್ತು.”

“ನಾನೂ ನಿನ್ನನ್ನೇ ಕಾಯ್ತಿದ್ದೆ, ಇಂದಾಯ್, ಬಾ ಮಗಳೇ.” ತಿಯಾ ಗಲ್ಲಾದ ಕೆಳಗಿನಿಂದ ಬಿಳಿಯ ಪುಟ್ಟ ಅಂಗಿಯೊಂದನ್ನು ತೆಗೆದಳು. ತಾನೇ ಹೊಲಿದದ್ದು, ಬೆರಳಿಗೆ ಪಟ್ಟಿ ಸುತ್ತಿತ್ತು. “ಕಣ್ಣು ಸರಿಯಾಗಿ ಕಾಣಲ್ಲ ನೋಡು. ಕತ್ತು ಬಿಗಿಯಾಯ್ತೇನೋ.”

ಜೆಲಿನ್ ಕತ್ತಿನೊಳಗೆ ಬೆರಳು ತೂರಿಸಿ ನೋಡಿದಳು. ಬಿಗಿಯಾಗಿಯೇ ಇತ್ತು. ಸರಿಯಾಗಿದೆ ಎಂದಳು.

“ನಂಗೆ ಮಕ್ಕಳೂ ಅಂತ ಇರೋದು ನೀವೇ ಅಲ್ವಾ,” ಎಂದು ತಿಯಾ ಅಂಗಿಯ ಸುಕ್ಕನ್ನು ಅಂಗೈಯಿಂದ ಸವರಿದಳು. ಅದು ನಾಟಕವಾಗಿರಲಿಲ್ಲ, ಆಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. “ಅದೇನೋ ಹೇಳ್ಬೇಕು ಅಂದ್ಯಲ್ಲ?”

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

“ಕೇಕು ಹಳದೀನೇ ಇರ್ಲಿ, ತಿಯಾ.”

ಸೌಟು ಮತ್ತೆ ಆಡಿತು. ಜೆಲಿನ್ ಏಪ್ರನ್ ಕಟ್ಟಿಕೊಂಡಳು.

ಭಾನುವಾರ ಹಳದಿ ಕೇಕು ಬಂತು. ಸೋಮವಾರ ಬೇಕರಿಯವರು ಬೇರೊಬ್ಬಳನ್ನು ಕೆಲಸಕ್ಕೆ ತೆಗೆದುಕೊಂಡರು.