ಮೂರನೇ ಮಹಡಿಗೆ ಬಡ್ತಿ

ನನ್ನ ಸಂಬಳ ಎಷ್ಟೆಂದು ಕೇಳಿದ ನೆಂಟರು ಹುಬ್ಬೇರಿಸುತ್ತಾರೆ. ಅದೇ ನೆಂಟರು ನನ್ನ ಮನೆಗೆ ಬಂದರೆ ಎಲ್ಲಿ ಕೂರುವುದೆಂದು ತಿಳಿಯದೆ ಬಾಗಿಲಲ್ಲೇ ನಿಂತುಬಿಡುತ್ತಾರೆ. ಮನೆ ಎಂದರೆ ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಬ್ಬರು ನಿಂತರೆ ತುಂಬಿಹೋಗುವ ಅಡುಗೆಮೂಲೆ, ಪಕ್ಕದ ಕೋಣೆಯವರ ಜೊತೆ ಹಂಚಿಕೊಳ್ಳಬೇಕಾದ ಬಚ್ಚಲು. ಲಿಫ್ಟ್ ಇಲ್ಲ. ಪ್ಲೈವುಡ್ ಹಲಗೆ ಹೊಡೆಸಿ ಒಂದು ಮನೆಯನ್ನು ನಾಲ್ಕು ಮಾಡಿದ ಜಾಣೆ ನಮ್ಮ ಮನೆಯೊಡತಿ. ಪಕ್ಕದವರು ಆಕಳಿಸಿದರೆ ನನಗೂ ಆಕಳಿಕೆ ಬರುತ್ತದೆ. ಸಂಬಳದ ಅರ್ಧಕ್ಕಿಂತ ಹೆಚ್ಚು ಈ ವೈಭವದ ಬಾಡಿಗೆಗೇ ಹೋಗುತ್ತದೆ. ದೂರ ಹೋಗೋಣವೆಂದರೆ, ತುರ್ತು ಕರೆ ಬಂದ ತಕ್ಷಣ ಆಸ್ಪತ್ರೆಗೆ ಓಡಬೇಕಾದ ಕೆಲಸ ನನ್ನದು.

ನಾನು ಅರಿವಳಿಕೆ ಡಾಕ್ಟರು. ಆಪರೇಷನ್‌ಗೆ ಮುಂಚೆ ರೋಗಿಯನ್ನು ಮಲಗಿಸುವವಳು. ಈ ಕೆಲಸದಲ್ಲಿ ಮದ್ದಿನಷ್ಟೇ ಮುಖ್ಯ ಮಾತು. ಮಕ್ಕಳ ಬಗ್ಗೆಯೋ ಊರಿನ ಬಗ್ಗೆಯೋ ಹಿತವಾಗಿ ಕೇಳುತ್ತಿರಬೇಕು, ಅವರು ಖುಷಿಯಿಂದ ಉತ್ತರ ಕೊಡುತ್ತಿರುವಾಗಲೇ ಮದ್ದು ಬಿಡಬೇಕು. ಉತ್ತರ ಮುಗಿಯುವುದರೊಳಗೆ ಅವರು ನಿದ್ದೆ ಹೋಗಿರುತ್ತಾರೆ.

ಈ ಕೋಣೆಗೆ ಬರುವ ಮೊದಲು ನಾನು, ಅಮ್ಮ ಆಸ್ಪತ್ರೆಯ ಹಿಂದಿನ ವಸತಿಗೃಹದಲ್ಲಿದ್ದೆವು. ನೆಲಮಹಡಿ, ಎರಡು ಕೋಣೆ, ಎದುರಿಗೆ ಕಲ್ಲುಬೆಂಚು. ಮಂಡಿ ಸವೆದಿದ್ದ ಅಮ್ಮನಿಗೆ ಆ ಬೆಂಚೇ ಪ್ರಪಂಚ. ಸಂಜೆ ಅಲ್ಲಿ ಕೂತು ದಾದಿಯರನ್ನೂ ಡ್ರೈವರುಗಳನ್ನೂ ಮಾತಾಡಿಸದಿದ್ದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಆಗ ನಮ್ಮ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರು, ಎಲ್ಲರೂ ದೊಡ್ಡ ಡಾಕ್ಟರು ಎನ್ನುವವರು, ನನಗೆ ಬಡ್ತಿ ಕೊಡಿಸಿದರು. ಸಂಬಳ ಒಂದೇ ನೆಗೆತಕ್ಕೆ ಮೇಲೇರಿತು. ನಾನು ಕೈಮುಗಿದು ಬಂದೆ. ಅದೇ ತಿಂಗಳು ಅವರು ಆಡಳಿತ ಮಂಡಳಿಯಿಂದ ಹೊಸ ನಿಯಮವೊಂದನ್ನು ಮಾಡಿಸಿದರು. ಇಂಥ ಮಟ್ಟಕ್ಕಿಂತ ಹೆಚ್ಚು ಸಂಬಳ ಪಡೆಯುವವರಿಗೆ ಆಸ್ಪತ್ರೆಯ ವಸತಿ ಇಲ್ಲ, ಯಾರಿಗೂ ವಿನಾಯಿತಿ ಇಲ್ಲ. ಆ ಮಟ್ಟ ನನ್ನ ಹೊಸ ಸಂಬಳಕ್ಕಿಂತ ಕೂದಲೆಳೆಯಷ್ಟು ಕೆಳಗಿತ್ತು. ಅವರ ಸಂಬಳ ಅದಕ್ಕೂ ಮೇಲಿತ್ತು ನಿಜ, ಆದರೆ ಗೇಟಿನ ಪಕ್ಕದ ಅವರ ಮನೆ ಮುಖ್ಯಸ್ಥನ ಹುದ್ದೆಗೇ ಅಂಟಿಕೊಂಡು ಬಂದದ್ದು, ನಿಯಮ ಅದನ್ನು ಮುಟ್ಟುತ್ತಿರಲಿಲ್ಲ. ನಾವು ಖಾಲಿ ಮಾಡಿದ ಮನೆಗೆ ಯಾರು ಬಂದರು ಗೊತ್ತೇ? ಆಗಷ್ಟೇ ಕೆಲಸಕ್ಕೆ ಸೇರಿದ್ದ ಅವರ ಅಳಿಯ.

ಹೊರಡುವ ಮುಂಚೆ ನಾನು ಅವರ ಬಳಿ ಹೋಗಿ, ಅಮ್ಮನ ಮಂಡಿಯ ವಿಷಯ ಹೇಳಿ, ಇನ್ನೊಂದು ವರ್ಷ ಬಿಡಿ ಎಂದು ಬೇಡಿಕೊಂಡಿದ್ದೆ. ಅವರು ಆಪರೇಷನ್ ಮುಗಿಸಿ ಕೈ ತೊಳೆಯುತ್ತಿದ್ದರು. ತಲೆ ಕೂಡ ಎತ್ತಲಿಲ್ಲ.

"ನಿನಗೇನಮ್ಮ, ಕೈತುಂಬ ಸಂಬಳ. ಒಂದು ಒಳ್ಳೆ ಮನೆ ನೋಡ್ಕೋ."

ಊರೆಲ್ಲ ಸುತ್ತಿದ ಮೇಲೆ ಸಿಕ್ಕ ಒಳ್ಳೆ ಮನೆ ಇದು. ಎರಡನೇ ಮಹಡಿಯ ತಿರುವಿನಲ್ಲಿ ನಾನೊಂದು ಸ್ಟೂಲು ಇಟ್ಟೆ. ಅಮ್ಮ ಅಲ್ಲಿ ಕೂತು ಸುಧಾರಿಸಿಕೊಂಡು ಉಳಿದ ಮೆಟ್ಟಿಲು ಹತ್ತುತ್ತಿದ್ದಳು. ಕೆಲವು ತಿಂಗಳಲ್ಲಿ ಇಳಿಯುವುದನ್ನೇ ಬಿಟ್ಟಳು. ಮಾತಿಗೆ ಯಾರೂ ಇಲ್ಲದೆ ಪ್ಲೈವುಡ್ ಗೋಡೆಗೆ ಕಿವಿಯಿಟ್ಟು ಪಕ್ಕದವರ ಮಾತು ಕೇಳುತ್ತಿದ್ದಳು. ಕೊನೆಗೆ ಅವಳು ಕೆಳಗಿಳಿದದ್ದು ನಾಲ್ಕು ಜನರ ಹೆಗಲ ಮೇಲೆ. ಅವರು ತಿರುವಿನಲ್ಲಿ ದಾರಿ ಸಾಲದೆ ಸ್ಟೂಲನ್ನು ಪಕ್ಕಕ್ಕೆ ಸರಿಸಿದರು. ಅದನ್ನು ನೋಡಿದ ಗಳಿಗೆಯಲ್ಲೇ ನಾನು ನಿರ್ಧರಿಸಿದೆ, ಆ ದೊಡ್ಡ ಡಾಕ್ಟರು ಈ ಮೆಟ್ಟಿಲು ಹತ್ತಬೇಕು.

ನಾನೇನೂ ದೊಡ್ಡ ಮನಸ್ಸಿನವಳಲ್ಲ. ಕಾದೆ. ಹಲ್ಲು ಕಚ್ಚಿ, ಅವರ ಪಕ್ಕದಲ್ಲೇ ನಿಂತು, ಅವರ ರೋಗಿಗಳನ್ನು ಮಲಗಿಸುತ್ತ ಕಾದೆ.

ಕಾರು ನಿಲ್ಲಿಸಲು ಜಾಗ ಸಾಲದೆ ಮಂಡಳಿಯವರ ಕಣ್ಣು ಗೇಟಿನ ಮನೆಯ ಮೇಲೆ ಬಿತ್ತು. ಮುಖ್ಯಸ್ಥರಾಗಿರುವ ತನಕ ದೊಡ್ಡ ಡಾಕ್ಟರನ್ನು ಅಲ್ಲಿಂದ ಕದಲಿಸುವಂತಿರಲಿಲ್ಲ. ಅಷ್ಟರಲ್ಲಿ ನಾನು ಮಂಡಳಿಯ ಸಲಹಾ ಸಮಿತಿಯಲ್ಲಿದ್ದೆ. ಅವರಿಗಾಗಿ ಪ್ರಧಾನ ಸಲಹೆಗಾರ ಎಂಬ ಹುದ್ದೆಯನ್ನೇ ಹುಟ್ಟಿಸೋಣ, ಆಸ್ಪತ್ರೆಯಲ್ಲಿ ಯಾರಿಗೂ ಇಲ್ಲದ ಸಂಬಳ ಕೊಡೋಣ ಎಂದೆ. ಸಲಹೆಗಾರನಿಗೆ ಮನೆ ಅಂಟಿಕೊಂಡಿಲ್ಲ, ಉಳಿದದ್ದನ್ನು ಅವರದೇ ನಿಯಮ ನೋಡಿಕೊಳ್ಳುತ್ತದೆ ಎಂದೂ ಸೇರಿಸಿದೆ. ಮಂಡಳಿಯವರು ನನ್ನ ತಲೆಯನ್ನು ಹಾಡಿಹೊಗಳಿದರು.

ಸುದ್ದಿ ಮುಟ್ಟಿಸುವ ಕೆಲಸ ನಾನೇ ಕೇಳಿ ಪಡೆದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಅವರಿಗೆ ಆ ನಿಯಮ ನೆನಪಾದರೆ ನನ್ನ ಇಷ್ಟು ವರ್ಷದ ಕಾಯುವಿಕೆ ನೀರಲ್ಲಿ ಹೋಮ. ಹಾಗಾಗಿ ನನ್ನ ಕಸುಬಿನ ಮಾತು ತೆಗೆದೆ. ಮೊಮ್ಮಗಳು ನಡೆಯುತ್ತಾಳಾ ಎಂದು ಕೇಳಿದೆ. ಅವರು ಹೇಳುತ್ತ ಹೋದರು, ಹೇಳುತ್ತಲೇ ಪೆನ್ನಿನ ಮುಚ್ಚಳ ತೆಗೆದರು. ಒಂದು ಕ್ಷಣ ಕೈ ನಿಂತಿತು. ಹೊಸ ಹುದ್ದೆಯ ಹೆಸರನ್ನು ಬಾಗಿಲ ಮೇಲೆ ಹಿತ್ತಾಳೆಯಲ್ಲಿ ಬರೆಸುತ್ತಾರಾ ಎಂದು ಅವರ ಅನುಮಾನ. ಖಂಡಿತ ಬರೆಸುತ್ತಾರೆ ಎಂದೆ. ಸಹಿ ಬಿತ್ತು. ನಿಯಮ ಅವರಿಗೆ ನೆನಪಾಗಲೇ ಇಲ್ಲ, ಅದು ಬೇರೆಯವರಿಗೆಂದು ಮಾಡಿದ್ದಲ್ಲವೇ.

ಮನೆ ಖಾಲಿ ಮಾಡಿ ಎಂಬ ಪತ್ರ ಕೈಸೇರಿದಾಗ ಅವರು ಮಂಡಳಿಯವರ ಮುಂದೆ ಹಾರಾಡಿದರಂತೆ. ಯಾರಿಗೂ ವಿನಾಯಿತಿ ಇಲ್ಲ ಎಂಬ ಅವರ ಸಾಲನ್ನೇ ಮಂಡಳಿ ಅವರಿಗೆ ಓದಿ ಹೇಳಿತಂತೆ. ಆಮೇಲೆ ಶುರುವಾಯಿತು ಮನೆ ಹುಡುಕಾಟ. ದಶಕಗಳಿಂದ ಬಾಡಿಗೆಯ ಮುಖ ಕಾಣದ ಮನುಷ್ಯ! ಉಳಿಸಿದ್ದನ್ನೆಲ್ಲ ಮಗಳ ಮದುವೆಯೂ ಅಳಿಯನ ಕಾರೂ ನುಂಗಿದ್ದವು. ಹತ್ತಿರದ ಮನೆಯವರೆಲ್ಲ ವರ್ಷದ ಬಾಡಿಗೆ ಮುಂಗಡ ಕೇಳಿದರು, ವಯಸ್ಸು ಕೇಳಿ ಬಾಗಿಲು ಹಾಕಿದರು. ಅಳಿಯನ ಮನೆಯಲ್ಲಿ, ಅಂದರೆ ನನ್ನ ಹಳೆಯ ಮನೆಯಲ್ಲಿ, ಮಗು ನೋಡಿಕೊಳ್ಳಲು ಅತ್ತೆಗೆ ಜಾಗವಿತ್ತು, ಮಾವನಿಗೆ ಇರಲಿಲ್ಲ.

ಕೊನೆಗೆ ಅವರು ನನ್ನನ್ನೇ ಕೇಳಿದರು. ನಮ್ಮ ಪಕ್ಕದ ಕೋಣೆ ಖಾಲಿಯಿದೆ, ಮನೆಯೊಡತಿಗೆ ನಾನೇ ಹೇಳುತ್ತೇನೆ ಎಂದೆ. ನನ್ನ ಕೈ ಹಿಡಿದುಕೊಂಡು ಉಪಕಾರ ಮರೆಯುವುದಿಲ್ಲ ಎಂದರು. ಮರೆಯಬಾರದು ಎಂದೇ ನನಗೂ ಆಸೆ.

ಅವರು ಬಂದ ಸಂಜೆ ನಾನು ಕೆಲಸ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದೆ. ಜೀವಮಾನವಿಡೀ ನಿಂತು ಆಪರೇಷನ್ ಮಾಡಿದ ಮಂಡಿಗಳು ಅವರವು. ಎರಡನೇ ಮಹಡಿಯ ತಿರುವಿನಲ್ಲಿ, ಸೂಟ್‌ಕೇಸ್ ಕಾಲ ಬಳಿ ಇಟ್ಟುಕೊಂಡು, ಸ್ಟೂಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದರು.

"ಇದನ್ನ ಯಾರಿಟ್ಟರೋ, ಪುಣ್ಯವಂತರು," ಎಂದರು.

"ನಾನೇ ಸರ್. ಅಮ್ಮನಿಗೆ ಅಂತ ಇಟ್ಟಿದ್ದೆ."

ಅವರು ನನ್ನ ಮುಖ ನೋಡಿದರು, ಮೇಲಿನ ಮೆಟ್ಟಿಲು ನೋಡಿದರು. ಕೈ ತೊಳೆಯುತ್ತ ಆಡಿದ ಮಾತು ಈಗ ಅವರಿಗೆ ನೆನಪಾಯಿತು. ನೆನಪಾದದ್ದು ನನಗೆ ಚೆನ್ನಾಗಿ ಕಂಡಿತು, ಹೊಟ್ಟೆ ತಣ್ಣಗಾಯಿತು.

"ಸ್ವಲ್ಪ ಏಳಿ ಸರ್. ಇದನ್ನ ಒಳಗಿಡಬೇಕು."

ಕಂಬಿ ಹಿಡಿದು ಎದ್ದರು. ಇಲ್ಲೇ ಇರಲಿ ಬಿಡಮ್ಮ ಎಂದು ಮೆಲ್ಲಗೆ ಕೇಳಿದರು.

"ನಿಮಗೇನು ಸರ್, ಕೈತುಂಬ ಸಂಬಳ. ಒಂದು ಒಳ್ಳೆ ಸ್ಟೂಲು ತಗೊಳ್ಳಿ."

ನನ್ನ ಕೋಣೆಯಲ್ಲಿ ಸ್ಟೂಲಿಗೆ ಜಾಗವಿಲ್ಲ. ಅಮ್ಮನ ಮಂಚದ ಮೇಲೇ ಇಟ್ಟೆ. ಹೊರಗೆ ಒಂದು ಹೆಜ್ಜೆ, ಆಮೇಲೆ ಕಂಬಿ ಕಿರುಗುಟ್ಟುವ ಸದ್ದು, ಆಮೇಲೆ ಇನ್ನೊಂದು ಹೆಜ್ಜೆ ಕೇಳುತ್ತಿತ್ತು. ಮೇಲೆ ಬಂದ ಕೂಡಲೇ ಅವರಿಗೆ ಬಚ್ಚಲು ಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು. ಟವೆಲ್ ತೆಗೆದುಕೊಂಡು ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡೆ, ನಿಧಾನವಾಗಿ ಸ್ನಾನ ಮಾಡಿದೆ.