ಹಸಿರು ಬಾಂಡಿಗೊಂದು ಫೋಟೊ

"ಅಜ್ಜ, ನಿಮ್ಮ ಹತ್ರ ಒಟ್ಟು ಎಷ್ಟು ಹಿಮಸಾರಂಗ ಇದಾವೆ?"

ಓಸ್ಲೋದಿಂದ ಬಂದಿದ್ದ ಗಾಳಿಯಂತ್ರ ಕಂಪನಿಯ ಹೋಲ್ಗರ್ ನಾಲ್ಕು ಜನರ ಎದುರಿಗೇ ಹೀಗೆ ಕೇಳಿಬಿಟ್ಟ. ಹಿಮಸಾರಂಗ ಸಾಕಿ ಬದುಕುವ ನಮ್ಮ ಸಾಮಿ ಜನರನ್ನು ಹಾಗೆ ಕೇಳುವುದೂ ಒಂದೇ, ಅವರ ಜೇಬಿಗೆ ಕೈ ಹಾಕುವುದೂ ಒಂದೇ. ಆಸ್ಲತ್ ಮಾವ ಕಾಫಿ ಬಟ್ಟಲಿನಿಂದ ತಲೆ ಎತ್ತಲಿಲ್ಲ.

"ಮರದ್ ಈ ಕಡೀಕೂ ಅವೆ, ಆ ಕಡೀಕೂ ಅವೆ."

ಹೋಲ್ಗರ್ ನಕ್ಕು ಏನೋ ಗೀಚಿಕೊಂಡ. ಆಮೇಲೆ ಮಾವನ ಹೆಂಡತಿ ರಿಸ್ತೆನ್ ಅತ್ತೆಯ ಕಡೆ ತಿರುಗಿದ. "ಅಮ್ಮಾ, ಆ ಬಣ್ಣಬಣ್ಣದ ನಿಲುವಂಗಿ ಹಾಕ್ಕೊಂಡು ಬನ್ನಿ, ಫೋಟೊ ತೆಗೀಬೇಕು. ಸಾಲ ಕೊಡೋರಿಗೆ ಅದು ತುಂಬಾ ಇಷ್ಟ."

"ಇವ್ನಮ್ಮನ್, ನಾನೇನ್ ಗೊಂಬೇನಾ?" ಅತ್ತೆ ನಮ್ಮ ಮಾತಿನಲ್ಲಿ ನನಗಷ್ಟೇ ಕೇಳುವಂತೆ ಬೈದಳು.

ಕರೆಂಟು ತೆಗೆಯುವ ಗಾಳಿಯಂತ್ರ ನೆಡಲು ಕಂಪನಿ ಎತ್ತುವ ಸಾಲಕ್ಕೆ ಹಸಿರು ಬಾಂಡ್ ಎಂದು ಹೆಸರು. ಭೂಮಿಗೂ ಜನಕ್ಕೂ ಕೇಡಿಲ್ಲ ಎಂಬ ಸರ್ಟಿಫಿಕೇಟ್ ಸಿಕ್ಕಿತೆಂದರೆ ಪಿಂಚಣಿ ನಿಧಿಯವರು ಮುಗಿಬಿದ್ದು ಕೊಳ್ಳುತ್ತಾರೆ. ಆಗ ನಮಗೆ ಉಳಿದಿರುವ ಕೊನೆಯ ಗುಡ್ಡದ ಮೇಲೂ ಯಂತ್ರ ಏಳುತ್ತದೆ. ಹಿಮ ಕೆದಕಿದರೆ ಮಂದೆಗೆ ಮೇವು ಸಿಗುವುದು ಈಗ ಅಲ್ಲೊಂದೇ ಕಡೆ. ಯಂತ್ರ ತಿರುಗುವ ಜಾಗದಲ್ಲಿ ಹಿಮಸಾರಂಗಗಳು ಸುಳಿಯುವುದೇ ಇಲ್ಲ. ಆ ಗುಡ್ಡ ಹೋದರೆ ಮಂದೆ ಹೋಯಿತು, ನಾವೂ ಹೋದೆವು.

ಹೋದ ಶರತ್ಕಾಲದಲ್ಲಿ ಊರಿನ ಸಭಾಭವನಕ್ಕೆ ಕರೆದು, ಕಾಫಿ, ಕೇಕು ಕೊಟ್ಟು, ಒಂದು ಹಾಳೆ ದಾಟಿಸಿದ್ದರು. ಬಂದವರ ಪಟ್ಟಿ ಎಂದುಕೊಂಡು ಎಲ್ಲರೂ ಸಹಿ ಹಾಕಿದೆವು. ಈಗ ಆ ಹಾಳೆಯೇ ನಮ್ಮ ಒಪ್ಪಿಗೆಯಂತೆ. ಸರ್ಟಿಫಿಕೇಟ್ ಕೊಡಲು ಅವನ ಜೊತೆ ಬಂದಿದ್ದ ಲಂಡನ್ ಹೆಂಗಸು ಹೊರಗೆ ಕಾರಿನಲ್ಲಿ ಬೆಚ್ಚಗೆ ಕೂತಿದ್ದಳು.

"ಕೇಕ್ ತಿಂದು ಬಾಯಿಗ್ ಮಣ್ ಹಾಕ್ಕೊಂಡ್ವಲ್ಲೇ," ಅಂದ ಮಾವ.

"ನೀ ಎಲ್ಡು ತುಂಡು ನುಂಗಿದ್ದೆ, ಸುಮ್ಕಿರು," ಎಂದು ಅತ್ತೆ ಒಳಕೋಣೆಗೆ ನಡೆದಳು.

ಅವಳು ನಿಲುವಂಗಿ ತೊಟ್ಟು ನೇರ ಅಂಗಳದ ಹಿಮಕ್ಕೇ ಇಳಿದಳು. ಕೆಂಪು, ಹಳದಿ ಪಟ್ಟಿ ಒಂದೂ ಕಾಣಲಿಲ್ಲ. ಹೊಲಿಗೆ, ಗಂಟು, ಜೋತಾಡುವ ದಾರ, ಅಷ್ಟೇ. ಒಳಗಿನದನ್ನು ಹೊರಗೆ ಮಾಡಿ ತೊಟ್ಟಿದ್ದಳು. ಸರ್ಕಾರದವರ ಮೇಲೆ ಸಿಟ್ಟು ಬಂದಾಗ ಹಿರಿಯರು ಹೀಗೆ ನಿಲ್ಲುತ್ತಿದ್ದರೆಂದು ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ.

"ಅಯ್ಯೋ ಅಮ್ಮಾ, ಉಲ್ಟಾ ಹಾಕಿದ್ದೀರಿ! ಹೋಗಿ ಸರಿ ಮಾಡ್ಕೊಳ್ಳಿ."

"ಸರ್ಯಾಗೇ ಐತೆ. ತೆಗಿಯೋ ಫೋಟೊ."

ಲಂಡನ್ ಹೆಂಗಸು ಕಾರಿನಿಂದ ಇಳಿದು ಬಂದಳು. "ಏನಿದು?"

"ವಯಸ್ಸಾಗಿದೆ, ಮರೆವು," ಎಂದ ಹೋಲ್ಗರ್.

ನನಗೆ ತಡೆಯಲಾಗಲಿಲ್ಲ. "ಮರೆವಲ್ಲ ಮೇಡಂ. ನಾವು ಒಪ್ಪಿಲ್ಲ ಅಂತ ಇದರರ್ಥ. ಇವರು ತೋರಿಸ್ತಿರೋದು ಕಾಫಿ ಕುಡಿಯೋಕೆ ಬಂದವರ ಪಟ್ಟಿ."

ಅವಳು ತನ್ನ ಕೈಯಲ್ಲಿದ್ದ ಸರ್ಟಿಫಿಕೇಟಿನ ಫಾರಂ ಅನ್ನು ಹಿಂದೆ ಮುಂದೆ ತಿರುವಿ ನೋಡಿದಳು. "ಇದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲವಲ್ಲ," ಅಂದಳು.

"ಜಾಗ ಇಲ್ದಿದ್ರೆ ಆ ಫಾರಂ ತಗಂಡು ಒಲೆಗಾಕು," ಅತ್ತೆ ಗದರಿದಳು.

ಅಷ್ಟರಲ್ಲಿ ಮಾವ ಹೊಸ್ತಿಲು ದಾಟಿ ಬಂದಿದ್ದ. ಯಾರ ಮುಖವನ್ನೂ ನೋಡದೆ ಸೊಂಟದ ಪಟ್ಟಿ ಬಿಚ್ಚಿ, ದಿನವೂ ತೊಡುವ ನೀಲಿ ನಿಲುವಂಗಿಯನ್ನು ತಲೆಯ ಮೇಲಿಂದ ಎಳೆದ. ಆ ಕೊರೆಯುವ ಚಳಿಯಲ್ಲಿ ಬರಿಮೈಯಲ್ಲಿ ನಿಂತು, ಅದರ ಒಂದೊಂದೇ ತೋಳಿನ ಒಳಗನ್ನು ಹೊರಗೆ ಮಾಡತೊಡಗಿದ.